ಎರಡು ಊರುಗಳ ನಡುವಿನ ಬಿಳಿ ಗೆರೆಯವರಿಗೆ

ಮಾನ್ಯ ಗೆರೆಯವರೇ,

ಹೊಲಿಗೆ ಕಾರ್ಖಾನೆಯ ಗೇಟಿನ ಮುಂದಿನ ಬಯಲಿನಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಅಂಗಾತ ಮಲಗಿ, ಬಿಸಿಲನ್ನಾಗಲಿ ಧೂಳನ್ನಾಗಲಿ ಲಾರಿಗಳ ಚಕ್ರಗಳನ್ನಾಗಲಿ ಲೆಕ್ಕಿಸದೆ, ಎರಡು ಊರುಗಳು ಒಂದರ ಮೇಲೊಂದು ಬೀಳದಂತೆ ತಡೆದು ನಿಂತಿರುವ ತಮಗೆ ನಿವೃತ್ತ ಶಾಲಾ ಶಿಕ್ಷಕಿಯೊಬ್ಬಳ ಸಾದರ ವಂದನೆಗಳು. ತಾವು ಕ್ಷೇಮವಾಗಿದ್ದೀರಿ ಎಂದು ಭಾವಿಸುತ್ತೇನೆ. ಇತ್ತೀಚೆಗೆ ಬಳಿದ ಹೊಸ ಬಣ್ಣ ತಮಗೆ ಬಹಳ ಚೆನ್ನಾಗಿ ಒಪ್ಪಿದೆ. ಈ ಮಾತನ್ನು ಮುಖಸ್ತುತಿಯೆಂದು ತಿಳಿಯಬಾರದು, ಏಕೆಂದರೆ ಮುಖ ಯಾವುದು ಬೆನ್ನು ಯಾವುದು ಎಂದು ತಮ್ಮಲ್ಲಿ ಗುರುತಿಸುವುದು ನನ್ನಂಥವಳಿಗೆ ಸಾಧ್ಯವಿಲ್ಲ.

ಗೆರೆಯೊಂದಕ್ಕೆ ಪತ್ರ ಬರೆಯುವುದು ವಾಡಿಕೆಯಲ್ಲ ಎಂಬುದನ್ನು ಬಲ್ಲೆ. ಮಕ್ಕಳಿಗೆ ಪತ್ರಲೇಖನ ಕಲಿಸುತ್ತಲೇ ಕೂದಲು ನರೆಸಿಕೊಂಡವಳು ನಾನು. ಯಾರಿಗೆ ಬರೆಯುತ್ತಿದ್ದೇವೆ ಎಂಬುದು ಸ್ಪಷ್ಟವಿಲ್ಲದ ಪತ್ರವನ್ನು ಅಂಚೆಗೆ ಹಾಕುವುದಕ್ಕಿಂತ ಒಲೆಗೆ ಹಾಕುವುದು ಮೇಲು ಎಂದು ಹೇಳಿಕೊಟ್ಟವಳು. ಆದ್ದರಿಂದಲೇ ಬರೆಯಬೇಕಾದವರಿಗೇ ಮೊದಲು ಬರೆದೆ, ಉತ್ತರ ಬಾರದಿದ್ದಾಗ ಹೋಗಿಯೂ ಬಂದೆ. ನನ್ನ ಮನೆಯಿರುವ ಕಡೆಯನ್ನು ಈಚೆಯೂರು ಎನ್ನೋಣ, ಕಾರ್ಖಾನೆಯ ಗೇಟಿರುವ ಕಡೆಯನ್ನು ಆಚೆಯೂರು ಎನ್ನೋಣ. ಈಚೆಯೂರಿನ ಪರವಾನಗಿ ಕಚೇರಿಯಲ್ಲಿ ಕುಳಿತಿರುವ ಗುಮಾಸ್ತ ನನ್ನ ಹಳೆಯ ವಿದ್ಯಾರ್ಥಿ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯ ಆಚೆ ನೋಡುತ್ತಿದ್ದವನು ಈಗ ಕಿಟಕಿಯ ಒಳಗೆ ಕುಳಿತು ನಮ್ಮನ್ನು ನೋಡುತ್ತಾನೆ; ನೋಟ ಮಾತ್ರ ಅದೇ. "ನಮ್ಮ ಕೈಲಿ ಏನೂ ಇಲ್ಲ ಟೀಚರ್, ಎಲ್ಲಾ ಆ ಗೆರೆ ಹೇಳಿದ ಹಾಗೆ" ಎಂದ. ಆಚೆಯೂರಿನ ಕಚೇರಿಗೆ ಹೋದರೆ ಅಲ್ಲಿಯ ಗುಮಾಸ್ತೆ ಟಿಫಿನ್ ಡಬ್ಬಿಯ ಮುಚ್ಚಳ ತೆರೆಯುತ್ತ, "ಗೆರೆ ಎಲ್ಲಿದೆಯೋ ಅಲ್ಲಿಗೆ ನಮ್ಮ ಕೆಲಸ ಮುಗೀತಮ್ಮಾ, ಅದರ ಮೇಲೆ ನಾವು ಯಾರು ಮಾತಾಡೋಕೆ" ಎಂದಳು. ಯಾವ ವಿಷಯದಲ್ಲಿಯೂ ಒಮ್ಮತವಿಲ್ಲದ ಎರಡು ಕಚೇರಿಗಳು ಒಂದೇ ಅಧಿಕಾರಿಯತ್ತ ಕೈತೋರಿಸಿದ ಮೇಲೆ ಆ ಅಧಿಕಾರಿಯನ್ನು ಬಿಟ್ಟು ಬೇರೆಯವರಿಗೆ ಅಹವಾಲು ಸಲ್ಲಿಸುವುದು ಅವಿಧೇಯತೆಯಾಗುತ್ತದೆ. ಈ ಪತ್ರ ತಮ್ಮ ಹೆಸರಿಗೆ ಬಂದಿರುವುದು ಹೀಗೆ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ತಂಗಿ ಈ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳಾಗಿದ್ದಳು. ಕಾರ್ಖಾನೆಯವರು ಕ್ಯಾಂಟೀನನ್ನು ಮುಚ್ಚಿ, ಅಲ್ಲಿ ಬಟನ್ ಒತ್ತಿದರೆ ಬಿಸ್ಕತ್ತಿನ ಪೊಟ್ಟಣ ಉದುರಿಸುವ ಯಂತ್ರವೊಂದನ್ನು ನಿಲ್ಲಿಸಿದರು. ಯಂತ್ರಕ್ಕೆ ಸಂಬಳ ಬೇಡ, ರಜೆ ಬೇಡ, ಮಂಡಿನೋವು ಇಲ್ಲ. ತಂಗಿ ಮನೆಗೆ ಬಂದು ನನ್ನ ಅಡುಗೆಮನೆಯಲ್ಲಿ ಇಬ್ಬರಿಗೆ ಅಡುಗೆ ಮಾಡತೊಡಗಿದಳು. ಆದರೆ ಅವಳ ಕೈಗೆ ಇಬ್ಬರ ಅಳತೆ ತಿಳಿಯದು, ದೊಡ್ಡ ಪಾತ್ರೆಯಿಲ್ಲದೆ ಉಪ್ಪಿನ ಅಂದಾಜು ಸಿಗುವುದಿಲ್ಲ. ಉಪ್ಪಾದ ಸೂಪನ್ನು ನಾವಿಬ್ಬರೂ ಎದುರುಬದುರು ಕುಳಿತು ಕುಡಿದೆವು. ಅದನ್ನು ನಾನು ಒಂದೆರಡು ಸಲ ಎತ್ತಿ ತೋರಿಸಿದ್ದೂ ಉಂಟು. ಒಂದು ದಿನ ಅವಳು ಚಮಚವನ್ನು ಕೆಳಗಿಟ್ಟು, "ಮಕ್ಕಳೇ ಇಲ್ಲದ ಕ್ಲಾಸಲ್ಲಿ ನೀನು ಪಾಠ ಮಾಡ್ತಿದ್ದೆಯೇನಕ್ಕಾ?" ಎಂದು ಕೇಳಿದಳು. ಪ್ರಶ್ನೆ ಸರಿಯಾಗಿತ್ತು. ಸರಿಯಾದ ಪ್ರಶ್ನೆಗೆ ಪೂರ್ಣ ವಾಕ್ಯದಲ್ಲಿ ಉತ್ತರ ಕೊಡುವುದು ನನ್ನ ಅಭ್ಯಾಸ, ಅಂದು ಬಟ್ಟಲಿನಲ್ಲಿ ಉಳಿದಿದ್ದ ಸೂಪನ್ನು ಕುಡಿದು ಮುಗಿಸಿದೆ.

ಅದಾದ ಮುಂದಿನ ರಜಾದಿನವೇ ಹೊಲಿಗೆಯ ಹೆಂಗಸರು ಗುಂಪಾಗಿ ನಮ್ಮ ಮನೆಗೆ ಬಂದರು. ಅವರ ಮುಂದಾಳು, ಅಂಗಿಗಳಿಗೆ ಕಾಲರು ಕೂರಿಸುವವಳಾದ್ದರಿಂದ ಎಲ್ಲರೂ ಕಾಲರ್ ಎಂದೇ ಕರೆಯುವ ಹೆಂಗಸು, ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡಿದಳು: "ಅಕ್ಕಾ, ಆ ಬಿಸ್ಕತ್ತು ತಿಂದೂ ತಿಂದೂ ನಮ್ಮ ಹೊಟ್ಟೇನೂ ಕಟಕಟ ಅಂತಿದೆ. ಮೂಲೆ ಹೋಟ್ಲಿಗೆ ಹೋದ್ರೆ ಅವನು ನೀರು ತಂದಿಡೋ ಹೊತ್ತಿಗೆ ಬೆಲ್ ಹೊಡೆಯುತ್ತೆ. ನೀವು ಗೇಟಿನ ಹತ್ರ ಎಲ್ಲಾದ್ರೂ ಒಂದು ಪಾತ್ರೆ ಇಟ್ಕೊಂಡು ನಿಂತ್ಕೊಳ್ಳಿ, ಓಡಿ ಬರ್ತೀವಿ." ತಂಗಿ ನನ್ನ ಮುಖವನ್ನು ನೋಡಲಿಲ್ಲ. ನೋಡಿದ್ದರೆ ನಾನು ಏನಾದರೂ ಬುದ್ಧಿ ಹೇಳುತ್ತಿದ್ದೆನೇನೋ. ತನ್ನಲ್ಲಿದ್ದದ್ದನ್ನೆಲ್ಲ ಸುರಿದು, ಅಂಚೆಯವರು ಹರಾಜಿಗಿಟ್ಟಿದ್ದ ಹಳೆಯ ವ್ಯಾನೊಂದನ್ನು ಕೊಂಡು ತಂದು ನಮ್ಮ ಬಾಗಿಲ ಮುಂದೆ ನಿಲ್ಲಿಸಿದಳು. "ಇದು ನಡೆದ್ರೆ ನಡೀತು. ಇಲ್ಲ ಅಂದ್ರೆ ನಿನ್ನ ಮನೆ ಮೂಲೇಲಿ ಕೂತು, ನಿನ್ನ ಪಾಠ ಕೇಳ್ತಾ ಕೇಳ್ತಾ ಸಾಯೋದೇ" ಎಂದಳು. ಗೆರೆಯವರೇ, ಪಣಕ್ಕೆ ಬಿದ್ದದ್ದು ಏನೆಂಬುದು ತಮಗೆ ಈಗ ಮನವರಿಕೆಯಾಗಿರಬಹುದು. ಅವಳು ಸೋತಿದ್ದರೆ ಇಬ್ಬರೂ ಸೋಲುತ್ತಿದ್ದೆವು.

ಕಚೇರಿಯವರು ಇಂಥದ್ದನ್ನು 'ಸಂಚಾರಿ ಖಾದ್ಯ ಮಾರಾಟ ವಾಹನ' ಎನ್ನುತ್ತಾರೆ, ಜನ ಫುಡ್ ಟ್ರಕ್ ಎನ್ನುತ್ತಾರೆ, ನಾವು ವ್ಯಾನು ಎನ್ನುತ್ತೇವೆ. ಹೆಸರಿನ ವಿಷಯದಲ್ಲಿ ನನ್ನ ತಕರಾರಿಲ್ಲ. ಬಯಲಿನ ಯಾವ ಭಾಗದಲ್ಲಿ ನಿಂತರೆ ಯಾವ ಊರಿನ ನಿಯಮ ಅನ್ವಯಿಸುತ್ತದೆಂದು ತಿಳಿಯಲು ನಾನು ಎರಡೂ ಊರಿನ ನಿಯಮಾವಳಿಗಳನ್ನು ತರಿಸಿಕೊಂಡು, ಕನ್ನಡಕ ಒರೆಸಿಕೊಂಡು, ಪಕ್ಕಪಕ್ಕದಲ್ಲಿಟ್ಟು ಓದಿದೆ. ಓದುತ್ತ ಓದುತ್ತ ಭಕ್ತಿ ಹುಟ್ಟಿತು. ಎರಡೂ ಊರಿನ ಪ್ರಾಜ್ಞರು ಒಬ್ಬರ ಮುಖವನ್ನೊಬ್ಬರು ನೋಡದೆಯೇ, ಒಂದು ನಿಯಮವೂ ಎದುರಿನ ನಿಯಮಕ್ಕೆ ತಾಗದಂತೆ ಬರೆದು ಮುಗಿಸಿರುವುದು ಸಾಮಾನ್ಯವಾದ ಸಾಧನೆಯಲ್ಲ. ನನ್ನ ತರಗತಿಯಲ್ಲಿ ಮಕ್ಕಳು ಇಷ್ಟು ಅಚ್ಚುಕಟ್ಟಾಗಿ ನಕಲು ಮಾಡದೆ ಬರೆದದ್ದನ್ನು ನಾನು ಕಂಡಿಲ್ಲ.

ಈಚೆಯೂರಿನ ನಿಯಮದಂತೆ ಆಹಾರವನ್ನು ವಾಹನದೊಳಗೇ, ಗಿರಾಕಿಯ ಕಣ್ಣೆದುರಿಗೇ ಬೇಯಿಸಬೇಕು. ಬೇರೆಡೆ ಬೇಯಿಸಿ ತಂದದ್ದು ಅಶುದ್ಧ. ಆಚೆಯೂರಿನಲ್ಲಿ ವಾಹನದೊಳಗೆ ಒಲೆ ಹಚ್ಚುವುದು ಅಪರಾಧ. ಬೇರೆಡೆ ಬೇಯಿಸಿ ತಂದದ್ದು ಮಾತ್ರ ಶುದ್ಧ. ಈಚೆಯೂರಿನಲ್ಲಿ ವಾಹನದ ಚಕ್ರಗಳು ಗಂಟೆಗೊಮ್ಮೆಯಾದರೂ ಉರುಳಬೇಕು, ಏಕೆಂದರೆ ನಿಂತೇ ಇರುವುದು ಅಂಗಡಿ, ವಾಹನವಲ್ಲ. ಆಚೆಯೂರಿನಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು ಕದಲದಂತೆ ಮಾಡಬೇಕು, ಏಕೆಂದರೆ ಕದಲುವುದು ವಾಹನ, ಅಂಗಡಿಯಲ್ಲ. ಒಂದು ಊರು ಮಾಸಲು ಬಣ್ಣ ಬಳಿಯಿರೆನ್ನುತ್ತದೆ, ಚಾಲಕರ ಗಮನ ಚದುರಬಾರದಂತೆ. ಇನ್ನೊಂದು ಕಣ್ಣಿಗೆ ಹೊಡೆಯುವ ಬಣ್ಣ ಬಳಿಯಿರೆನ್ನುತ್ತದೆ, ಚಾಲಕರು ಗಮನಿಸಬೇಕಂತೆ. ಇದೆಲ್ಲಕ್ಕೂ ಕಳಶವಿಟ್ಟಂತೆ, ಈಚೆಯೂರು ವಾಹನವು ಯಾವುದೇ ಹೋಟೆಲಿನಿಂದ ಸಾಕಷ್ಟು ದೂರವಿರಬೇಕೆಂದು ವಿಧಿಸಿದರೆ, ಆಚೆಯೂರು ಯಾವುದಾದರೂ ಶೌಚಾಲಯದ ಸಮೀಪದಲ್ಲಿರಬೇಕೆಂದೂ ಆ ಶೌಚಾಲಯದ ಮಾಲೀಕರ ಲಿಖಿತ ಒಪ್ಪಿಗೆ ತರಬೇಕೆಂದೂ ವಿಧಿಸುತ್ತದೆ. ಆ ಬಯಲಿನ ಆಸುಪಾಸಿನಲ್ಲಿ ಹೊರಗಿನವರು ಕಾಲಿಡಬಹುದಾದ ಶೌಚಾಲಯ ಇರುವುದು ಒಂದೇ ಕಟ್ಟಡದಲ್ಲಿ, ಮೂಲೆಯ ಹೋಟೆಲಿನಲ್ಲಿ. ತಮ್ಮ ಗಿರಾಕಿಗಳನ್ನು ಕಸಿಯಲು ಬರುವವಳಿಗೆ ತಮ್ಮ ಕಕ್ಕಸಿನ ಬೀಗದಕೈಯನ್ನು ಸಂತೋಷದಿಂದ ಕೊಡುವ ಹೋಟೆಲ್ ಮಾಲೀಕರು ಆಚೆಯೂರಿನ ನಿಯಮಾವಳಿಯಲ್ಲಿ ಮಾತ್ರ ಜೀವಿಸುತ್ತಾರೆ.

ಆಚೆಯೂರಿನಲ್ಲಿ ನಿಂತರೆ ಸೂಪನ್ನು ದೂರದಲ್ಲಿ ಬೇಯಿಸಿ, ತಣ್ಣಗಾಗಿಸಿ ತರಬೇಕು. ಈಚೆಯೂರಿನಲ್ಲಿ ನಿಂತರೆ ಹೆಂಗಸರು ತಟ್ಟೆ ಹಿಡಿದು ನಿಂತಿರುವಾಗಲೇ ವ್ಯಾನನ್ನು ಹೊರಡಿಸಬೇಕು. ಹೀಗಿರುವಾಗ ನನ್ನ ದೃಷ್ಟಿ ತಮ್ಮ ಮೇಲೆ ಬಿತ್ತು. ವ್ಯಾನನ್ನು ತಮ್ಮ ಮೇಲೆ ಅಡ್ಡಲಾಗಿ ನಿಲ್ಲಿಸಿದರೆ ಹಿಂದಿನ ಅರ್ಧ ಈಚೆಯೂರಿನಲ್ಲಿ, ಮುಂದಿನ ಅರ್ಧ ಆಚೆಯೂರಿನಲ್ಲಿ. ಒಲೆ ಹಿಂದೆ, ಮಾರುವ ಕಿಟಕಿ ಮುಂದೆ. ಈಚೆಯೂರಿನ ಮಟ್ಟಿಗೆ ಆಹಾರ ವಾಹನದೊಳಗೇ ಬೇಯುತ್ತದೆ. ಆಚೆಯೂರಿನ ಮಟ್ಟಿಗೆ ಅದು ಊರಿನ ಹೊರಗೆ ಬೆಂದು, ತಂಗಿಯ ಕೈಯಲ್ಲಿ ನಾಲ್ಕು ಹೆಜ್ಜೆ ಪ್ರಯಾಣ ಮಾಡಿ, ಗಡಿ ದಾಟಿ ಬರುತ್ತದೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು. ಹಿಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿದೆವು, ಗಂಟೆಗೊಮ್ಮೆ ನಾನು ಕೊಡೆಯ ಹಿಡಿಯಿಂದ ಅವನ್ನು ಉರುಳಿಸಿ ಮತ್ತೆ ಕುರ್ಚಿಯಲ್ಲಿ ಕೂರುತ್ತಿದ್ದೆ. ಹಿಂದಿನ ಅರ್ಧಕ್ಕೆ ಬೂದಿಬಣ್ಣ, ಮುಂದಿನ ಅರ್ಧಕ್ಕೆ ಕಿತ್ತಳೆ ಬಣ್ಣ. ಕಾಲರ್ ಅದನ್ನು ಸುತ್ತಿ ಬಂದು ನೋಡಿ, "ಯಾರೋ ಅರ್ಧ ಬಳಿದು ಊಟಕ್ಕೆ ಹೋದಂಗಿದೆ" ಎಂದಳು.

ಶೌಚಾಲಯದ ಒಪ್ಪಿಗೆಗೆ ಮಾತ್ರ ಅದೃಷ್ಟವೇ ಒದಗಿ ಬರಬೇಕಾಯಿತು. ಆ ಕಟ್ಟಡ ಹೋಟೆಲ್ ಮಾಲೀಕರದ್ದಲ್ಲ, ಅವರ ಅತ್ತೆಯದ್ದು. ಮುಂಬಾಗಿಲು ದೂರದ ಬೀದಿಗೆ ತೆರೆಯುತ್ತದೆ, ಹಿಂಬದಿಯ ಮೆಟ್ಟಿಲು ನಮ್ಮ ಬಯಲಿಗೆ ಇಳಿಯುತ್ತದೆ. ಹೀಗಾಗಿ ಹೋಟೆಲು ದೂರ, ಕಕ್ಕಸು ಹತ್ತಿರ, ಎರಡೂ ಊರಿಗೆ ಸಮಾಧಾನ. ಮಹಡಿಯ ಮೇಲೆ ಒಂಟಿಯಾಗಿ ಕುಳಿತು ಕೆಳಗಿನ ಒಗ್ಗರಣೆಯ ಹೊಗೆ ಕುಡಿಯುವ ಆ ವೃದ್ಧೆ ನಮ್ಮ ಕಾಗದವನ್ನು ಓದದೆಯೇ ಸಹಿ ಹಾಕಿದರು. "ಓದಿ ಅಜ್ಜಿ, ಏನಿದೆ ಅಂತ ನೋಡಿ" ಎಂದು ತಂಗಿ ಹೇಳಿದ್ದಕ್ಕೆ, "ಅಳಿಯನಿಗೆ ಉರಿಯುತ್ತೆ ತಾನೆ? ಅಷ್ಟು ಗೊತ್ತಾದ್ರೆ ಸಾಕು ಕಣಮ್ಮಾ" ಎಂದರು.

ಇಷ್ಟೆಲ್ಲ ಮಾಡಿ ಎರಡೂ ಕಚೇರಿಗಳಿಗೆ ಅರ್ಜಿ ಸಲ್ಲಿಸಿದೆವು. ನಿಯಮ ಪಾಲಿಸಿದವರನ್ನು ಕಂಡರೆ ನಿಯಮ ಬರೆದವರಿಗೆ ಎಷ್ಟು ಗಾಬರಿಯಾಗುತ್ತದೆಂಬುದನ್ನು ನಾನು ಈ ವಯಸ್ಸಿನಲ್ಲಿ ಕಲಿತೆ. ಅರ್ಧ ವಾಹನಕ್ಕೆ ಪರವಾನಗಿ ಕೊಡುವ ನಮೂನೆ ನಮ್ಮಲ್ಲಿಲ್ಲ ಎಂದು ಈಚೆಯೂರು ಹೇಳಿತು. ಇನ್ನರ್ಧವನ್ನು ತಂದರೆ ಪರಿಶೀಲಿಸುತ್ತೇವೆ ಎಂದು ಆಚೆಯೂರು ಹೇಳಿತು. ಅಷ್ಟರಲ್ಲಿ ಹೋಟೆಲ್ ಮಾಲೀಕರ ದೂರು ಎರಡೂ ಕಡೆಗೆ ತಲುಪಿ, ಎರಡೂ ಊರಿನ ಇನ್‌ಸ್ಪೆಕ್ಟರುಗಳು ಒಂದೇ ಬೆಳಿಗ್ಗೆ ಅಳತೆಪಟ್ಟಿ ಹಿಡಿದು ಬಂದರು. ಆಗ ತಾವು ಬಹಳ ಮಾಸಿಹೋಗಿದ್ದಿರಿ, ಕ್ಷಮಿಸಿ. ತಾವು ಎಲ್ಲಿದ್ದೀರಿ ಎಂಬುದಕ್ಕೆ ಇದ್ದ ಸಾಕ್ಷಿಯೆಂದರೆ ತರಗೆಲೆಗಳ ಒಂದು ಉದ್ದನೆಯ ಸಾಲು ಮಾತ್ರ. ಎರಡೂ ಊರಿನ ಕಸಗುಡಿಸುವವರು ತಮ್ಮ ತಮ್ಮ ಪಾಲನ್ನು ಗುಡಿಸಿ, ಕಸವನ್ನು ಗೆರೆಯವರಾದ ತಮ್ಮ ಮೇಲೆ ಬಿಟ್ಟು ಹೋಗುವುದು ಹಳೆಯ ಪದ್ಧತಿ. ಇನ್‌ಸ್ಪೆಕ್ಟರುಗಳು ತರಗೆಲೆಗಳನ್ನು ಕಾಲಿನಿಂದ ಸರಿಸಿ ತಮ್ಮನ್ನು ಹುಡುಕಿದರು, ಅಲ್ಪಸ್ವಲ್ಪ ಸಿಕ್ಕಿದಿರಿ, ಅವರಿಗೆ ಅದು ಸಾಲಲಿಲ್ಲ. ಗೆರೆಯನ್ನು ಹೊಸದಾಗಿ ಬಳಿಸಬೇಕು, ಬಳಿಸಿದ ಮೇಲೆ ಅತಿಕ್ರಮಣ ಸ್ಪಷ್ಟವಾಗುತ್ತದೆ, ಸ್ಪಷ್ಟವಾದ ಮೇಲೆ ವ್ಯಾನನ್ನು ಎತ್ತಿಸಬೇಕು ಎಂದು ತೀರ್ಮಾನಿಸಿ, ತಂಗಿಗೆ ನೋಟಿಸು ಕೊಟ್ಟು ಹೋದರು. ಆ ನೋಟಿಸಿನಲ್ಲಿದ್ದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ 'ಮತ್ತೆ ಬರೆದು ತನ್ನಿ' ಎಂದು ಷರಾ ಹಾಕಿ ಕಳುಹಿಸಿದ್ದೇನೆ. ಅದು ಬೇರೆ ವಿಷಯ.

ಅಂದು ಸಂಜೆ ತಂಗಿ ದೊಡ್ಡ ಪಾತ್ರೆಯನ್ನು ತೊಳೆದು ಬೋರಲು ಹಾಕಿ, ಅದರ ಮೇಲೇ ಕುಳಿತುಬಿಟ್ಟಳು. "ಸಾಕಾಗಿ ಹೋಯ್ತಕ್ಕಾ. ಅಡುಗೆ ಮಾಡೋದು ನಂಗೆ ಯಾವತ್ತೂ ಕಷ್ಟ ಆಗಿಲ್ಲ. ಎಲ್ಲಿ ನಿಂತ್ಕೊಂಡು ಮಾಡೋದು ಅಂತ ಯೋಚನೆ ಮಾಡಿ ಮಾಡಿ ಕೈ ಸೋತಿದೆ. ಮಾರಿಬಿಡ್ತೀನಿ" ಎಂದಳು. ಅವಳ ಆ ವಾಕ್ಯಗಳಲ್ಲಿ ತಿದ್ದಬೇಕಾದದ್ದು ಏನೂ ಇರಲಿಲ್ಲ. ಹಳೆಯ ವ್ಯಾನುಗಳನ್ನು ಕೊಳ್ಳುವವನೊಬ್ಬನಿಗೆ ಅವಳು ಹೇಳಿ ಕಳುಹಿಸಿಯೂ ಆಯಿತು. ವಾರಾಂತ್ಯದಲ್ಲಿ ಬರುತ್ತೇನೆಂದು ಅವನು ಒಪ್ಪಿಯೂ ಆಯಿತು. ಅಲ್ಲಿಯವರೆಗೆ ಹೆಂಗಸರು ಉಪವಾಸವಿರಬಾರದೆಂದು ಅಡುಗೆಯನ್ನು ಮಾತ್ರ ಅವಳು ನಿಲ್ಲಿಸಲಿಲ್ಲ.

ಗೆರೆಯವರೇ, ಈ ಘಟ್ಟದಲ್ಲಿ ತಾವು ನಡೆದುಕೊಂಡ ರೀತಿಯನ್ನು ನಾನು ಸಾಯುವವರೆಗೂ ಮರೆಯಲಾರೆ.

ಬಣ್ಣ ಬಳಿಯುವವನು ಬಂದದ್ದು ಊಟದ ಬಿಡುವಿನ ಹೊತ್ತಿಗೆ. ಹೆಂಗಸರು ಕಿಟಕಿಯ ಮುಂದೆ ಮುಗಿಬಿದ್ದಿದ್ದರು, ಒಳಗೆ ತಂಗಿ ಸೂಪು ಬಡಿಸುತ್ತ, ಮೊಟ್ಟೆ ಸುಲಿಯುತ್ತ, ಬ್ರೆಡ್ಡು ಕೊಯ್ಯುತ್ತ ತಲೆಯೆತ್ತಲೂ ಪುರುಸೊತ್ತಿಲ್ಲದೆ ನಿಂತಿದ್ದಳು. ಬಣ್ಣದವನು ಒಂದು ಗೋಡೆಯಿಂದ ಬಳಿಯುತ್ತ ಬಂದು ವ್ಯಾನಿನ ಹತ್ತಿರ ನಿಂತ. ವ್ಯಾನನ್ನು ಸ್ವಲ್ಪ ಸರಿಸಬೇಕೆಂದು ಕೇಳಿದ. "ಬಿಸಿ ಪಾತ್ರೆ ಇಟ್ಕೊಂಡು ಎಲ್ಲಿಗಪ್ಪಾ ಸರೀಲಿ? ಬೆಲ್ ಹೊಡೆದ ಮೇಲೆ ಬಾ" ಎಂದಳು ತಂಗಿ. ಆದರೆ ಅವನಿಗೆ ಎರಡು ಆದೇಶಗಳಿದ್ದವು: ಊಟದ ಹೊತ್ತು ಮುಗಿಯುವುದರೊಳಗೆ ಮುಗಿಸಬೇಕು, ಗೆರೆ ಎಲ್ಲಿಯೂ ತುಂಡಾಗಬಾರದು. ಊರಿಗೊಬ್ಬರಂತೆ ಮೇಲ್ವಿಚಾರಣೆಗೆ ನಿಂತಿದ್ದ ಇಬ್ಬರು ಮೇಸ್ತ್ರಿಗಳ ಕಡೆಗೆ ತಿರುಗಿ, ಸುತ್ತಿಕೊಂಡು ಹೋಗಲೇ ಎಂದು ಕೇಳಿದ. ಸುತ್ತಿಕೊಂಡು ಹೋಗು ಎಂದು ಇಬ್ಬರೂ ಹೇಳಿದರು. ಯಾವ ಕಡೆಯಿಂದ ಎಂದು ಕೇಳಿದ್ದಕ್ಕೆ ಜಗಳ ಹತ್ತಿಕೊಂಡಿತು.

ಹಿಂಬದಿಯಿಂದ ಸುತ್ತಿದರೆ ವ್ಯಾನು ಪೂರ್ತಿಯಾಗಿ ಆಚೆಯೂರಿಗೆ ಸೇರುತ್ತದೆ. ಮುಂಬದಿಯಿಂದ ಸುತ್ತಿದರೆ ಪೂರ್ತಿಯಾಗಿ ಈಚೆಯೂರಿಗೆ. ನೆಲಕ್ಕಾಗಿ ಊರೂರು ಬಡಿದಾಡಿದ್ದನ್ನು ನಾನು ಚರಿತ್ರೆಯ ಪಾಠದಲ್ಲಿ ಕಲಿಸಿದ್ದೇನೆ. ನೆಲ ನಮಗೆ ಬೇಡವೆಂದು ಬಡಿದಾಡಿದ್ದನ್ನು ಅಂದೇ ಕಣ್ಣಾರೆ ಕಂಡದ್ದು. "ನಿಮ್ಮ ಕಡೆಗೇ ಇಟ್ಕೊಳ್ಳಿ ಸ್ವಾಮಿ, ಕಿತ್ತಳೆ ಬಣ್ಣ ನಿಮ್ಮದೇ ತಾನೆ" ಎಂದು ಈಚೆಯವನು, "ಒಲೆ ನಿಮ್ಮಲ್ಲಿ ಉರೀತಿದೆ, ಹೊಗೆ ನಮಗಾ?" ಎಂದು ಆಚೆಯವನು. ಸಾಲಿನಲ್ಲಿದ್ದ ಕಾಲರ್ ತಟ್ಟೆಯಿಂದ ಮುಖವೆತ್ತಿ, "ಇಬ್ಬರೂ ಮದುವೆ ಹುಡುಗಿ ಬೇಡ ಅನ್ನೋ ಥರ ಆಡ್ತಿದೀರಲ್ಲ, ಸೂಪು ಕುಡಿದು ನೋಡಿ, ಆಮೇಲೆ ಇಬ್ಬರೂ ನಮಗೇ ಬೇಕು ಅಂತೀರಿ" ಎಂದಳು. ಅವರು ಕುಡಿಯಲಿಲ್ಲ. ಬಣ್ಣ ಒಣಗತೊಡಗಿತ್ತು. ಬಣ್ಣದವನು ಇಬ್ಬರನ್ನೂ ಒಮ್ಮೆ ನೋಡಿ, "ನಂಗೆ ಗೆರೆ ತುಂಡಾಗಬಾರದು ಅಷ್ಟೇ. ಊರು ಯಾವ್ದಾದ್ರೇನು" ಎಂದವನೇ ಹಿಂಬದಿಯಿಂದಲೂ ಒಂದು ಸುತ್ತು ಬಳಿದ, ಮುಂಬದಿಯಿಂದಲೂ ಒಂದು ಸುತ್ತು ಬಳಿದ, ಆ ಬದಿಯಲ್ಲಿ ಎರಡನ್ನೂ ಕೂಡಿಸಿ ನೇರವಾಗಿ ಎದುರಿನ ಗೋಡೆಯವರೆಗೆ ಹೋಗಿ, ಕುಂಚ ತೊಳೆದುಕೊಂಡು ಹೊರಟುಹೋದ.

ಹೀಗೆ ತಾವು ಇಬ್ಭಾಗವಾಗಿ, ನನ್ನ ತಂಗಿಯ ವ್ಯಾನನ್ನು ಎರಡೂ ಕೈಗಳಿಂದ ಬಳಸಿ, ಮತ್ತೆ ಒಂದಾಗಿ ಮುಂದೆ ಸಾಗಿದಿರಿ. ಮೊಟ್ಟೆಯಾಕಾರದ ಆ ಜಾಗ ಅಂದಿನಿಂದ ಈಚೆಯೂರಿಗೂ ಸೇರಿಲ್ಲ, ಆಚೆಯೂರಿಗೂ ಸೇರಿಲ್ಲ.

ಅಂದಿನಿಂದ ಅಲ್ಲಿ ಏನೇನಾಗಿದೆಯೆಂದು ತಮಗೆ ನಾನು ಹೇಳಬೇಕಾಗಿಲ್ಲ, ತಾವೇ ಸುತ್ತುವರಿದು ನೋಡುತ್ತಿದ್ದೀರಿ. ಆದರೂ ಪತ್ರ ಪೂರ್ಣವಾಗಬೇಕಾದ್ದರಿಂದ ಬರೆಯುತ್ತೇನೆ. ಜಾಕನ್ನು ಇಳಿಸಿದ್ದೇವೆ, ಚಕ್ರ ಉರುಳಿಸುವ ಹುದ್ದೆಯಿಂದ ನಾನು ಎರಡನೆಯ ಸಲ ನಿವೃತ್ತಳಾಗಿದ್ದೇನೆ. ತಂಗಿ ಒಲೆಯನ್ನು ತನ್ನ ಕೈಗೆ ಅನುಕೂಲವಾದ ಕಡೆಗೆ ಸರಿಸಿಕೊಂಡಿದ್ದಾಳೆ. ಹಳೆಯ ವ್ಯಾನು ಕೊಳ್ಳುವವನು ವಾರಾಂತ್ಯದಲ್ಲಿ ಬಂದ, ಮೊಟ್ಟೆ ಮತ್ತು ಆಲೂಗಡ್ಡೆ ತಿಂದ, ಬಂದ ಕೆಲಸವನ್ನು ಮರೆತು ಹೋದ. ಹೋಟೆಲ್ ಮಾಲೀಕರು ಎರಡೂ ಕಚೇರಿಗಳಿಗೆ ಮತ್ತೆ ದೂರಿತ್ತರು. 'ಸದರಿ ಸ್ಥಳ ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಉತ್ತರ ಎರಡೂ ಕಡೆಯಿಂದ, ಒಂದಕ್ಷರ ವ್ಯತ್ಯಾಸವಿಲ್ಲದೆ ಬಂತು. ಅವರ ಅತ್ತೆ ಅದನ್ನು ಮಹಡಿಯ ಕಿಟಕಿಯಿಂದ ನಮಗೆ ಗಟ್ಟಿಯಾಗಿ ಓದಿ ಹೇಳಿದರು. ಹೊಲಿಗೆಯ ಹೆಂಗಸರು ತಮ್ಮನ್ನು ದಾಟಿ ಒಳಗೆ ಬರುವಾಗಲೆಲ್ಲ, "ಪಾಸ್‌ಪೋರ್ಟ್ ತಂದಿದೀಯೇನೇ?", "ಇಲ್ಲ ಕಣೇ, ತಟ್ಟೆ ತಂದಿದೀನಿ" ಎಂದು ಒಬ್ಬರನ್ನೊಬ್ಬರು ತಮಾಷೆ ಮಾಡುತ್ತಾರೆ. ಕಸಗುಡಿಸುವವರು ಎಂದಿನಂತೆ ತಮ್ಮವರೆಗೆ ಗುಡಿಸಿ ನಿಲ್ಲಿಸುವುದರಿಂದ ತರಗೆಲೆಗಳು ವ್ಯಾನಿನ ಸುತ್ತ ಹೂವಿನ ಹಾರದಂತೆ ಕುಳಿತಿರುತ್ತವೆ.

ಎಲ್ಲವೂ ಸುಖವೆಂದು ನಾನು ಹೇಳುವುದಿಲ್ಲ. ಯಾವ ಊರೂ ನಮ್ಮ ಕಸವನ್ನು ಒಯ್ಯುವುದಿಲ್ಲ, ಯಾವ ಊರೂ ನೀರು ಕೊಡುವುದಿಲ್ಲ. ಬೆಳಿಗ್ಗೆ ಮನೆಯಿಂದ ಕ್ಯಾನುಗಳಲ್ಲಿ ನೀರು ಹೊತ್ತು, ಸಂಜೆ ಸಿಪ್ಪೆಯ ಚೀಲ ಹೊತ್ತು ನಾವಿಬ್ಬರೂ ನಡೆಯುತ್ತೇವೆ. ದಾರಿಯಲ್ಲಿ ತಂಗಿ ಮಾತಾಡುತ್ತಾಳೆ, ನಾನು ತಿದ್ದುವುದಿಲ್ಲ, ಉಸಿರಿರುವುದಿಲ್ಲ. ಒಂದು ಮಧ್ಯಾಹ್ನ ಗರ್ಭಿಣಿಯಾದ ಹೊಲಿಗೆಯವಳೊಬ್ಬಳು ಸಾಲಿನಲ್ಲಿ ಕುಸಿದು ಕುಳಿತಾಗ ತಂಗಿ ಅವಳನ್ನು ವ್ಯಾನಿನ ಮೆಟ್ಟಿಲ ಮೇಲೆ ಕೂರಿಸಿ, ಚಮಚದಿಂದ ಸೂಪು ಕುಡಿಸಿ, "ಇನ್ನು ಮೇಲೆ ಸಾಲಲ್ಲಿ ನಿಂತ್ಕೋಬೇಡ, ನೇರ ಒಳಗೆ ಬಾ" ಎಂದಳು. ಆ ಹುಡುಗಿ ಎರಡು ದಿನದಿಂದ ಬಿಸ್ಕತ್ತಿನಲ್ಲೇ ಇದ್ದಳಂತೆ, ಹಟಕ್ಕೆ ಬಿದ್ದು ಯಾವುದೋ ಸಾಲದ ಕಂತಿಗೆ ಉಳಿಸುತ್ತಿದ್ದಳಂತೆ. ಯಾರ ವ್ಯಾಪ್ತಿಗೂ ಬಾರದ ಸ್ಥಳದಲ್ಲಿ ಆ ದಿನ ಅವಳಿಗೆ ಊಟ ದೊರೆಯಿತು ಎಂಬುದನ್ನು ದಾಖಲಿಸಲು ಬೇರೆ ಕಚೇರಿ ಇಲ್ಲದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ಕಳೆದ ತಿಂಗಳು ಎರಡೂ ಊರುಗಳು ಚರಿತ್ರೆಯಲ್ಲಿ ಮೊದಲ ಬಾರಿಗೆ ಜಂಟಿಯಾಗಿ ಒಂದು ಆದೇಶ ಹೊರಡಿಸಿದವು: ವ್ಯಾನನ್ನು ಎತ್ತಿ, ತಮ್ಮನ್ನು ನೆಟ್ಟಗೆ ಮಾಡತಕ್ಕದ್ದು. ವ್ಯಾನು ಒಮ್ಮೆ ಹೊರಗೆ ಹೋದರೆ ಮತ್ತೆ ಬಯಲಿಗೆ ಬರಲು ಪರವಾನಗಿ ಬೇಕು, ಪರವಾನಗಿಯ ಕಥೆ ತಮಗೆ ತಿಳಿದೇ ಇದೆ. ಎಳೆದೊಯ್ಯುವ ಲಾರಿ ಬಂತು. ಬಣ್ಣದವನೂ ಬಂದ. ತಂಗಿ ಕಿಟಕಿಯ ಬಾಗಿಲನ್ನು ಮುಚ್ಚದೆ, ಸೌಟನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. ಲಾರಿಯ ಡ್ರೈವರು ತಮ್ಮ ಅಂಚಿಗೆ ಬಂದು ಬ್ರೇಕು ಹಾಕಿ, ಆದೇಶವನ್ನು ಓದಿಸಿ ಕೇಳಿ, ಮೇಸ್ತ್ರಿಗಳನ್ನು ಕರೆದು, "ಇದರಲ್ಲಿ ನಿಮ್ಮೂರು ಅಂತ ಇದೆ, ಅವರೂರು ಅಂತ ಇದೆ. ಈ ಮಧ್ಯದ್ದು ಯಾರದ್ದು? ಒಳಗೆ ಹೋಗಿ ಏನಾದ್ರೂ ಆದ್ರೆ ನನ್ನ ಕಡೆ ಯಾರು ಮಾತಾಡ್ತಾರೆ?" ಎಂದು ಕೇಳಿದ. ಇಬ್ಬರು ಮೇಸ್ತ್ರಿಗಳೂ ಫೋನು ಹಿಡಿದು ಗೋಡೆಯ ನೆರಳಿಗೆ ಹೋದರು. ನನ್ನ ಹಳೆಯ ವಿದ್ಯಾರ್ಥಿ ಬಂದ, ಆಚೆಯೂರಿನ ಗುಮಾಸ್ತೆ ಬಂದಳು, ಇನ್‌ಸ್ಪೆಕ್ಟರುಗಳು ಬಂದರು. ಎಲ್ಲರೂ ತಾವು ಹಾಕಿದ ಸುತ್ತಿನ ಹೊರಗೆ ಸಾಲಾಗಿ ನಿಂತರು, ಒಬ್ಬರೂ ದಾಟಲಿಲ್ಲ. ತಮ್ಮದಲ್ಲದ ನೆಲಕ್ಕೆ ಕಾಲಿಡಲು ಅಲ್ಲಿರುವವರ ಅನುಮತಿ ಬೇಕು ಎಂದು ಅವರ ನಿಯಮಾವಳಿಯೇ ಹೇಳುತ್ತದೆ. ಎರಡೂ ಪುಸ್ತಕಗಳಲ್ಲಿ ಒಂದೇ ಥರ ಇರುವ ನಿಯಮ ಅದೊಂದೇ, ಮೊದಲ ಓದಿನಲ್ಲಿ ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಹೀಗೆ ಅದರ ಮರುವಾರ ನನ್ನ ತಂಗಿಯ ಹೆಸರಿಗೆ ಎರಡು ಅರ್ಜಿಗಳು ಬಂದವು. ಈಚೆಯೂರೂ ಆಚೆಯೂರೂ ಒಳಗೆ ಪ್ರವೇಶಿಸಲು ಅವಳ ಪರವಾನಗಿಯನ್ನು ಕೋರಿ, ಕೆಳಗೆ 'ತಮ್ಮ ವಿಧೇಯ' ಎಂದು ಸಹಿ ಮಾಡಿದ್ದವು.

ತಂಗಿ ಅರ್ಜಿಗಳನ್ನು ಒದ್ದೆಗೈಯಿಂದ ಮುಟ್ಟಲಿಲ್ಲ. ನಾನು ಓದಿ ಹೇಳಿದೆ. ಅನುಮತಿಗೆ ಷರತ್ತುಗಳನ್ನು ಬರೆಯಲು ನಾನು ಲೇಖನಿ ತೆರೆದು ಸಿದ್ಧಳಾಗಿದ್ದೆ, ನನ್ನ ತಲೆಯಲ್ಲಿ ಒಂದಕ್ಕಿಂತ ಒಂದು ಕಠಿಣವಾದ ಷರತ್ತುಗಳು ಸಾಲುಗಟ್ಟಿದ್ದವು, ಕಾಗುಣಿತ ಪರೀಕ್ಷೆಯೂ ಸೇರಿತ್ತು. ಅವಳು ಆಲೂಗಡ್ಡೆ ಹೆಚ್ಚುವುದನ್ನು ನಿಲ್ಲಿಸದೆಯೇ ಹೇಳಿದಳು: "ಅಷ್ಟೆಲ್ಲ ಬೇಡಕ್ಕಾ. ಇಬ್ಬರೂ ಕೂತು, ವ್ಯಾನು ಎಲ್ಲಿ ನಿಲ್ಲಬಹುದು, ಹೇಗೆ ನಿಲ್ಲಬಹುದು ಅಂತ ಒಂದೇ ಹಾಳೆ ಮೇಲೆ ಒಂದೇ ನಿಯಮ ಬರೆದು ಸಹಿ ಹಾಕ್ಕೊಂಡು ಬರ್ಲಿ. ಅವತ್ತೇ ನಾನಾಗೇ ವ್ಯಾನು ತೆಗೆದು ಅಲ್ಲಿ ನಿಲ್ಲಿಸ್ತೀನಿ. ಅಲ್ಲಿವರೆಗೆ ಊಟಕ್ಕೆ ಬರೋರು ಬರ್ಲಿ, ಎಳೆಯೋಕೆ ಬರೋರು ಬೇಡ. ಹೀಗೇ ಬರಿ, ಏನೂ ಸೇರಿಸಬೇಡ." ಹಾಗೆಯೇ ಬರೆದೆ, ಏನನ್ನೂ ಸೇರಿಸಲಿಲ್ಲ. ನಾನು ಬರೆದ ಕಾಗದಗಳಲ್ಲೆಲ್ಲ ಅತ್ಯಂತ ಚಿಕ್ಕದು ಅದು.

ಆದುದರಿಂದ ಗೆರೆಯವರೇ, ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಎರಡೂ ಊರುಗಳ ಹಿರಿಯರು ಒಂದು ಹಾಳೆಯನ್ನು ತುಂಬಿಸುವವರೆಗೆ ತಾವು ದಯಮಾಡಿ ನೆಟ್ಟಗಾಗಬಾರದು. ಮಳೆಗೆ ಕರಗಬಾರದು, ಬಿಸಿಲಿಗೆ ಬಿರುಕು ಬಿಡಬಾರದು, ಲಾರಿಗಳ ಚಕ್ರಕ್ಕೆ ಅಂಟಿಕೊಂಡು ಬೇರೆ ಊರಿಗೆ ಹೋಗಬಾರದು. ಸರಳರೇಖೆಯೇ ಶ್ರೇಷ್ಠವೆಂದು ನಾನೇ ಮಕ್ಕಳಿಗೆ ಅಡಿಪಟ್ಟಿ ಹಿಡಿಸಿ ಕಲಿಸಿದವಳು. ತಮ್ಮ ವಿಷಯದಲ್ಲಿ ಆ ಪಾಠವನ್ನು ಅಲ್ಪಕಾಲ ಅಮಾನತಿನಲ್ಲಿಡುತ್ತೇನೆ. ಸಾಧ್ಯವಾದರೆ ತಾವು ಇನ್ನೂ ಸ್ವಲ್ಪ ಅಗಲವಾಗಬಹುದು: ಕುಸಿದವರು ಕೂರಲು ಒಂದು ಬೆಂಚಿಗೆ ಜಾಗ ಬೇಕಾಗಿದೆ.

ತಮ್ಮ ಎರಡೂ ಬದಿಗೆ ಸಮನಾಗಿ ತಲೆಬಾಗುವ,
ತಮ್ಮ ವಿಶ್ವಾಸಿ,
ವ್ಯಾನಿನವಳ ಅಕ್ಕ

ಮರೆತ ಮಾತು: ಒಂದೇ ಹಾಳೆಯ ನಿಯಮ ಬರೆಯಲು ಜಂಟಿ ಸಮಿತಿ ರಚನೆಯಾಗಿದೆ. ಸಭೆ ಯಾವ ಊರಿನಲ್ಲಿ ಸೇರಬೇಕೆಂಬ ವಿಷಯದಲ್ಲಿ ಒಮ್ಮತ ಬಾರದೆ, ಕೊನೆಗೆ ಯಾವ ಊರೂ ಅಲ್ಲದ ಕಡೆ, ಅಂದರೆ ತಮ್ಮೊಳಗೆ, ವ್ಯಾನಿನ ಪಕ್ಕದಲ್ಲಿ, ಊಟದ ಹೊತ್ತಿಗೆ ಸೇರುತ್ತಿದ್ದಾರೆ. ತಂಗಿ ಎಲ್ಲರಿಗೂ ಬಡಿಸುತ್ತಾಳೆ. ಮೊದಲ ದಿನ ಬಹಳ ಚುರುಕಾಗಿದ್ದ ಸದಸ್ಯರು ಈಗ ಒಂದೊಂದು ಪದವನ್ನೂ ನಿಧಾನವಾಗಿ, ಎರಡೆರಡು ಸಲ ಸೂಪು ಹಾಕಿಸಿಕೊಂಡು ಚರ್ಚಿಸುತ್ತಾರೆ. ನಿಯಮ ಬರೆದು ಮುಗಿಸಿದ ದಿನವೇ ವ್ಯಾನು ಇಲ್ಲಿಂದ ಹೊರಡುತ್ತದೆಂಬುದು ಅವರಿಗೆ ಅರ್ಥವಾದಂತಿದೆ.